ರಾಮಲಿಂಗಪ್ಪನವರ ವಿಂಗಡಣಾ ಶಾಸ್ತ್ರ

ರಾಮಲಿಂಗಪ್ಪನವರು ಜೀವನದಲ್ಲಿ ಬೇಕಾದಷ್ಟು ಮಾತು ಕೇಳಿಸಿಕೊಂಡಿದ್ದರು. ಆದರೆ ಅವರ ಮನೆತನಕ್ಕೆ ವಿಂಗಡಿಸುವುದಕ್ಕೆ ಬರುವುದಿಲ್ಲ ಎಂದು ಈವರೆಗೆ ಯಾರೂ ಅಂದಿರಲಿಲ್ಲ. ಅಂದವರು ಮರಾಠಿ ಸೀಮೆಯ ಬಿಬವೇವಾಡಿಯ ಬಾಲವಾಡಿಯ ನೀಲಿಮಾ ಟೀಚರು, ಅದೂ ಬರವಣಿಗೆಯಲ್ಲಿ. ಮೊಮ್ಮಗಳು ಸ್ಪಂದನಾಳ ಚೀಲದಲ್ಲಿ ಬಂದ ಚೀಟಿಯನ್ನು ಸೊಸೆ ಮಾಧುರಿ ಓದಿ ಹೇಳಿದಳು.

"ಗುಂಡಿ, ಮಣಿ ಕೊಟ್ಟು ಬ್ಯಾರೆ ಬ್ಯಾರೆ ಮಾಡು ಅಂದ್ರ ಮಾಡೂದಿಲ್ಲಂತ್ರಿ ಮಾವಾರ. ಮಾಲಿ ಪೋಣಿಸ್ಕೊಂಡು ಕೂಡ್ತಾಳಂತ. ಗಣಿತದ ಬುನಾದಿನ ಇದು ಅಂತಾರ. ಶನಿವಾರ ಎಲ್ಲಾ ಪಾಲಕರ ಮುಂದ ಮಾಡಿ ತೋರಸಬೇಕಂತ. ಬರಲಿಲ್ಲಂದ್ರ ಇನ್ನೊಂದು ವರ್ಷ ಲಹಾನ್ ಗಟದಾಗ ಕೂಡಸ್ತಾರಂತ."

ಲಹಾನ್ ಗಟವೆಂದರೆ ಚಿಕ್ಕವರ ತರಗತಿ. ಸ್ಪಂದನಾಳ ಜೀವದ ಗೆಳತಿ ಸಿಂಧೂರ ಆಗಲೇ ಮೋಠಾ ಗಟಕ್ಕೆ, ಅಂದರೆ ದೊಡ್ಡವರ ತರಗತಿಗೆ, ತೇರ್ಗಡೆಯಾಗಿಬಿಟ್ಟಿದ್ದಳು. ತಾನೊಬ್ಬಳೇ ಹಿಂದೆ ಉಳಿಯುವೆನೆಂದು ನಾಲ್ಕೂವರೆ ವರ್ಷದ ಕೂಸು ಎರಡು ದಿನದಿಂದ ತುತ್ತು ಸರಿಯಾಗಿ ನುಂಗಿರಲಿಲ್ಲ. ಅದನ್ನು ನೋಡಿ ರಾಮಲಿಂಗಪ್ಪನವರು ಕೂಸನ್ನು ಹತ್ತಿರ ಎಳೆದುಕೊಂಡರು.

"ಯಾರೂ ಚಿಂತಿ ಮಾಡಬ್ಯಾಡ್ರಿ. ನಾನದೀನಿ," ಎಂದರು.

ಹಾಗೆನ್ನಲು ಅವರಿಗೆ ಅಧಿಕಾರವಿತ್ತು. ಮೂವತ್ತೆರಡು ವರ್ಷ ಅವರು ಕಚೇರಿಯೊಂದರ ಆವಕ-ಜಾವಕ ವಿಭಾಗದಲ್ಲಿ, ಒಳಬಂದ ಕಾಗದ ಬೇರೆ ಹೊರಹೋಗುವ ಕಾಗದ ಬೇರೆ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. (ಮನೆಯಲ್ಲಿ ತಮ್ಮದೇ ಚಪ್ಪಲಿ ಜೋಡಿಯ ಇನ್ನೊಂದು ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ. ಅದು ಬೇರೆ ವಿಭಾಗ.)

ಸೋಮವಾರ ಬೆಳಿಗ್ಗೆ ವಿಂಗಡಣಾ ಶಾಸ್ತ್ರದ ಪ್ರಥಮ ಪಾಠ ಆರಂಭವಾಯಿತು. ಅಡುಗೆಮನೆಯ ತೊಗರಿ, ಹೆಸರು, ಕಡಲೆ, ಅಲಸಂದಿ, ನಾಲ್ಕೂ ಡಬ್ಬಿಗಳನ್ನು ಅವರು ಒಂದೇ ಪರಾತದಲ್ಲಿ ಬೋರಲು ಹಾಕಿ ಎರಡೂ ಕೈಯಿಂದ ಕಲಸಿದರು. ಸದ್ದಿಗೆ ಹೆಂಡತಿ ಶಿವಗಂಗವ್ವ ಓಡಿಬಂದರು.

"ಅಯ್ಯ ಶಿವನ! ಏನ್ರಿ ಇದು? ಬ್ಯಾರೆ ಬ್ಯಾರೆನ ಇದ್ದುವಲ್ರಿ!"

"ಶಿಕ್ಷಣ ನಡದದ. ನಡುವ ಬಾಯಿ ಹಾಕಬ್ಯಾಡ."

ಸ್ಪಂದನಾ ಪರಾತವನ್ನೂ ಅಜ್ಜನನ್ನೂ ನೋಡಿದಳು. "ಅಜ್ಜಾ, ಇವನ್ನ ಕಲಸಿದವರು ಯಾರು?"

"ನಾನ, ಪುಟ್ಟಿ."

"ಮತ್ತ ನಾ ಯಾಕ ಆರಸಬೇಕು?"

ಅಷ್ಟರಲ್ಲಿ ಪುಣ್ಯಕ್ಕೆ ಶಿರೂರಿನ ಬೀಗರ ಫೋನು ಬಂತು. ರಾಮಲಿಂಗಪ್ಪನವರು ಬಾಲ್ಕನಿಗೆ ಹೋದವರು ಒಂದು ತಾಸು ಈರುಳ್ಳಿಯ ದರದ ಬಗ್ಗೆ ಗಂಭೀರ ಚರ್ಚೆ ನಡೆಸಿದರು. ಒಳಗೆ ಶಿವಗಂಗವ್ವ ಪರಾತವನ್ನು ಮುಂದಿಟ್ಟುಕೊಂಡು, ತಮಗೆ ತಾವೇ ಏನೋ ಅಂದುಕೊಳ್ಳುತ್ತ, ಕಾಳು ಆರಿಸಿದರು. ಮಗು ಪಕ್ಕದಲ್ಲಿ ಗಲ್ಲಕ್ಕೆ ಕೈಹಚ್ಚಿ ಕೂತು ನೋಡುತ್ತಿತ್ತು. ಅರ್ಧ ಕಾಳು ಆರಿಸುವುದರಲ್ಲಿ ಅಜ್ಜಿಯ ಸೊಂಟ ಹಿಡಿದುಕೊಂಡಿತು. ಉಳಿದರ್ಧವನ್ನು ಮನೆಯವರೆಲ್ಲ ಮೂರು ದಿನ ಮಿಶ್ರ ಉಸಳಿಯಾಗಿ ತಿಂದರು.

ಮಂಗಳವಾರ ಅಲಮಾರಿಯ ಬಟ್ಟೆಗಳೆಲ್ಲ ಮಂಚದ ಮೇಲೆ ಗುಡ್ಡವಾದವು. ದೊಡ್ಡವರದು ಬೇರೆ, ಚಿಕ್ಕವರದು ಬೇರೆ ಮಾಡಬೇಕಿತ್ತು. ಶಿಷ್ಯೆ ಗುಡ್ಡದ ಮೇಲೆ ಹತ್ತಿ ಜಾರುಬಂಡಿ ಆಡಿದಳು. ಗುರುಗಳು ಮಾರ್ಗದರ್ಶನ ಮಾಡಿ ಮಾಡಿ ದಣಿದು ಅದರ ಬುಡದಲ್ಲೇ ಮಲಗಿದರು. ಮಡಚಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಬುಧವಾರ ಸಾಸಿವೆ ಮತ್ತು ಜೀರಿಗೆಯ ಪ್ರಯೋಗ ನಡೆಯಿತು. ಅದರ ಬಗ್ಗೆ ಶಿವಗಂಗವ್ವ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಧೈರ್ಯ ನಮಗಿಲ್ಲ. ಗುರುವಾರ ರಾಮಲಿಂಗಪ್ಪನವರು 'ಆವಕ', 'ಜಾವಕ' ಎಂದು ದಪ್ಪ ಮರಾಠಿ ಅಕ್ಷರದ ಚೀಟಿ ಬರೆದುಕೊಟ್ಟು, ಒಳಗೆ ಇರಬೇಕಾದ್ದಕ್ಕೆ ಒಂದು, ಹೊರಗೆ ಕಳಿಸಬೇಕಾದ್ದಕ್ಕೆ ಇನ್ನೊಂದು ಹಚ್ಚಲು ಹೇಳಿದರು. ಮಧ್ಯಾಹ್ನದ ನಿದ್ದೆ ಮುಗಿಸಿ ಅವರು ತರಕಾರಿಗೆ ಹೋದಾಗ ಮಂಡಿಯಲ್ಲಿದ್ದವರೆಲ್ಲ ಏಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ. 'ಜಾವಕ' ಬೆನ್ನಿಗೆ ಅಂಟಿತ್ತು.

ಶುಕ್ರವಾರ ಅವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಾಳೆ ಅಜ್ಜನ ಮಾನ ನಿನ್ನ ಕೈಯಾಗ ಅದ ನೋಡು," ಎಂದರು.

"ಮಾನ ಯಾವ ಬಣ್ಣದ್ದು ಅಜ್ಜಾ?" ಎಂದು ಸ್ಪಂದನಾ ಕೇಳಿದಳು. ಅವರಿಗೆ ಆ ರಾತ್ರಿ ಊಟ ಸೇರಲಿಲ್ಲ.

ಶನಿವಾರ ಬಾಲವಾಡಿಯ ಸಭಾಂಗಣ ತುಂಬಿತ್ತು. ಉಳಿದ ಮಕ್ಕಳು ಒಬ್ಬೊಬ್ಬರಾಗಿ ಬಂದು ಕೆಂಪು ಮಣಿ ಇತ್ತ, ನೀಲಿ ಮಣಿ ಅತ್ತ ಹಾಕಿ ಚಪ್ಪಾಳೆ ಗಿಟ್ಟಿಸಿದರು. ಸ್ಪಂದನಾಳ ಸರದಿ ಬಂದಾಗ ನೀಲಿಮಾ ಟೀಚರು, ಮಣಿ ಕೊಟ್ಟರೆ ಮಾಲೆ ಮಾಡುತ್ತಾಳೆಂದು, ಮನೆಬಳಕೆಯ ಸಾಮಾನುಗಳ ತಟ್ಟೆ ಇಟ್ಟರು. ಸ್ಟೀಲಿನ ಲೋಟ, ಬಾಚಣಿಗೆ, ಟವೆಲು, ದಿನಪತ್ರಿಕೆ, ಕನ್ನಡಕದ ಡಬ್ಬಿ, ಕಾಲುಚೀಲ ಅದರಲ್ಲಿದ್ದವು. ಮುಂದೆ ಒಂದು ಕೆಂಪು ಬುಟ್ಟಿ, ಒಂದು ಹಸಿರು ಬುಟ್ಟಿ. ನಿನಗೆ ತಿಳಿದ ಹಾಗೆ ಎರಡು ಗುಂಪು ಮಾಡು ಎಂದರು.

ಸ್ಪಂದನಾ ಸ್ವಲ್ಪವೂ ತಡವರಿಸಲಿಲ್ಲ. ಆರೂ ಸಾಮಾನುಗಳನ್ನು ಕೆಂಪು ಬುಟ್ಟಿಗೆ ಹಾಕಿ, ಕೈಕಟ್ಟಿ ಕೂತಳು. ಹಸಿರು ಬುಟ್ಟಿ ಖಾಲಿ.

ರಾಮಲಿಂಗಪ್ಪನವರು ಕಣ್ಣು ಮುಚ್ಚಿದರು. ಮುಗಿಯಿತು, ಕೂಸು ಇನ್ನೊಂದು ವರ್ಷ ಒಂಟಿ. ತೆರೆದಾಗ ನೀಲಿಮಾ ಟೀಚರು ಮಗುವಿನ ಬಾಯಿಗೆ ಕಿವಿಕೊಟ್ಟು ಕೂತಿದ್ದರು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು. ಎದ್ದು ನಿಂತು ಮರಾಠಿಯಲ್ಲಿ ಸಾರಿದರು: "ಎಲ್ಲರೂ ಇದ್ದದ್ದನ್ನು ಹಂಚಿದರು. ಈ ಹುಡುಗಿ ಇಲ್ಲದ್ದಕ್ಕೂ ಒಂದು ಗುಂಪು ಮಾಡಿದ್ದಾಳೆ. ಇದು ಶೂನ್ಯ! ಈ ವಯಸ್ಸಿಗೆ ಇದು ತಿಳಿಯುವುದು ಬಹಳ ಕಠಿಣ. ಸ್ಪಂದನಾ ಮೋಠಾ ಗಟಕ್ಕೆ! ಇವಳಿಗೆ ಮನೆಯಲ್ಲಿ ಕಲಿಸಿದವರು ಯಾರು?"

ಚಪ್ಪಾಳೆ ಮುಗಿಯುವ ಮೊದಲೇ ರಾಮಲಿಂಗಪ್ಪನವರು ಎದ್ದು ನಿಂತಿದ್ದರು. ಅಂಗಿಯ ಕಾಲರು ಸರಿಮಾಡಿಕೊಂಡು, ಮೂವತ್ತೆರಡು ವರ್ಷದ ಅನುಭವ, ಆವಕ-ಜಾವಕ, ಸ್ವಂತ ಪದ್ಧತಿ ಎಂದು ಮರಾಠಿಯಲ್ಲಿ ಸಣ್ಣದೊಂದು ಭಾಷಣವನ್ನೇ ಬಿಗಿದರು. ಟೀಚರು ನಗು ತಡೆಯುತ್ತ, "ಸ್ಪಂದನಾ, ಯಾವ ಬುಟ್ಟಿ ಯಾವುದಕ್ಕೆ, ಎಲ್ಲರಿಗೂ ಹೇಳು," ಎಂದರು.

"ಕೆಂಪು ಬುಟ್ಟಿ, ಅಜ್ಜ ಬಿಟ್ಟು ಹೋಗಿದ್ದು, ಅಜ್ಜಿ ಎತ್ತಿ ಇಟ್ಟಿದ್ದು. ಹಸಿರು ಬುಟ್ಟಿ, ಅಜ್ಜ ತಾನ ಎತ್ತಿ ಇಟ್ಟಿದ್ದು." ಅಜ್ಜನಿಗಾಗಿ ಕನ್ನಡದಲ್ಲಿ ಹೇಳಿದ್ದನ್ನು, ಉಳಿದವರಿಗೆ ಅನ್ಯಾಯವಾಗಬಾರದೆಂದು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಶಿವಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಕುಂದರ್ರಿ ಈಗ," ಎಂದರು. ಆದರೆ ಎಲ್ಲರೂ ನೋಡುತ್ತಿರುವಾಗ ಸುಮ್ಮನೆ ಕೂರುವುದು ಹೇಗೆ? ರಾಮಲಿಂಗಪ್ಪನವರು ಧೀರಗಂಭೀರವಾಗಿ ಮುಂದೆ ನಡೆದು, ಕೆಂಪು ಬುಟ್ಟಿಯೊಳಗಿನ ಲೋಟವನ್ನು ಎತ್ತಿ ಹಸಿರು ಬುಟ್ಟಿಯಲ್ಲಿಟ್ಟರು.

"ಒಂದು!" ಎಂದು ಸ್ಪಂದನಾ ಕೂಗಿ ಅಜ್ಜನ ಕೊರಳಿಗೆ ಜೋತುಬಿದ್ದಳು. ನಿವೃತ್ತಿಯ ದಿನ ಕಚೇರಿಯಲ್ಲಿ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು. ಅವರ ಕಣ್ಣು ತುಂಬಿಬಂತು.

ಆಮೇಲೆ ಎಲ್ಲರಿಗೂ ಚಹಾ ಕೊಟ್ಟರು. ರಾಮಲಿಂಗಪ್ಪನವರು ಕುಡಿದು, ಕಪ್ಪನ್ನು ಕಿಟಕಿಯ ಮೇಲಿಟ್ಟು, ಮೊಮ್ಮಗಳ ಪ್ರತಾಪವನ್ನು ಗೇಟಿನ ವಾಚ್‌ಮನ್‌ಗೂ ತಿಳಿಸಲು ಹೊರನಡೆದರು. ಇನ್ನೂ ಶುರುಮಾಡಿರಲಿಲ್ಲ, ಒಳಗಿಂದ ಹಸಿರು ಬುಟ್ಟಿ ಹಿಡಿದುಕೊಂಡು ಸ್ಪಂದನಾ ಓಡಿಬಂದಳು. ಅದರಲ್ಲಿದ್ದ ಲೋಟವನ್ನು ಅವಳು ಮತ್ತೆ ಕೆಂಪು ಬುಟ್ಟಿಗೆ ಹಾಕಿ ಬಂದಿದ್ದಳು.

"ಅಜ್ಜಾ, ಚಹಾದ ಕಪ್ಪು ಅಲ್ಲೇ ಬಿಟ್ಟಿ! ಮತ್ತ ಸೊನ್ನಿ!"

ರಾಮಲಿಂಗಪ್ಪನವರು ಒಂದು ಕ್ಷಣ ಬುಟ್ಟಿ ನೋಡಿದರು, ಒಂದು ಕ್ಷಣ ಮಗುವನ್ನು ನೋಡಿದರು. ಮರುಕ್ಷಣ ಎದೆ ಸೆಟೆಸಿ ವಾಚ್‌ಮನ್ ಕಡೆ ತಿರುಗಿ, ಅವನಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು ಘೋಷಿಸಿದರು:

"ಕೇಳಿದೇನಪಾ? ಒಂದರಾಗ ಒಂದು ಹೋದ್ರ ಸೊನ್ನಿ! ನಮ್ಮ ಕೂಸಿಗೆ ಕಳಿಯೂ ಲೆಕ್ಕಾನೂ ಬರತದ!"

ಅವರ ಬೆನ್ನ ಹಿಂದೆ ಶಿವಗಂಗವ್ವ ಆ ಕಪ್ಪನ್ನು ತೊಳೆಯುತ್ತಿದ್ದರು.