ಮಲಾಡಿಗೆ ಹೊರಟ ಕಾಕಾ

ನಮ್ಮ ಕಾಕಾನಿಗೆ ಮುಂಬಯಿಯ ಮೂಲೆಮೂಲೆಯೂ ಗೊತ್ತಿತ್ತು. ಈ ಸಂಗತಿ ಮುಂಬಯಿಗೆ ಮಾತ್ರ ಗೊತ್ತಿರಲಿಲ್ಲ!

ಕಾಕಾ ಎಂದರೆ ನನ್ನ ಯಜಮಾನರ ಚಿಕ್ಕಪ್ಪ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಧಾರವಾಡದಿಂದ ಮುಂಬಯಿಯ ಸಯನ್ನಿಗೆ ಬಂದೆ. ಕಾಕಾ, ಕಾಕೂ ಮತ್ತು ಅವರ ಮಗಳು ಕುಸುಮಾ ಅದೇ ಬಿಲ್ಡಿಂಗಿನಲ್ಲಿ, ನಮ್ಮ ಮೇಲಿನ ಮನೆಯಲ್ಲಿದ್ದರು.

ಆಗಿನ ಸಯನ್ನೋ, ಹೊಸಬರನ್ನು ತಬ್ಬಿಬ್ಬು ಮಾಡಲೆಂದೇ ಕಟ್ಟಿದ ಹಾಗಿತ್ತು. ಎಲ್ಲಿ ನೋಡಿದರೂ ಅದೇ ಹಳದಿ ಬಿಲ್ಡಿಂಗು, ಅದೇ ಬಾಲ್ಕನಿ, ಬಾಲ್ಕನಿಯಲ್ಲಿ ಅದೇ ಒಣಗುವ ಸೀರೆ. ಕೆಳಗಿನ ಮನೆಯಲ್ಲಿ ಮರಾಠಿ, ಎದುರಿಗೆ ಪಂಜಾಬಿ, ಪಕ್ಕದಲ್ಲಿ ತಮಿಳು. ಮೂಲೆಗೊಂದು ಉಡುಪಿ ಹೋಟೆಲು, ಪ್ರತಿ ಹೋಟೆಲಿನ ಗಲ್ಲಾದಲ್ಲೂ ಒಬ್ಬರು ಶೆಟ್ಟರು. "ಶೆಟ್ಟರ ಹೋಟೆಲಿನ ಹತ್ತಿರ ಬಲಕ್ಕೆ ತಿರುಗು" ಎಂದರೆ ಯಾವ ಶೆಟ್ಟರು ಸ್ವಾಮೀ?

"ಅಂಜಬ್ಯಾಡವ್ವಾ, ನಾ ಇದ್ದೀನಲ್ಲ!" ಎಂದು ಕಾಕಾ ನನ್ನನ್ನು ಮಾರ್ಕೆಟ್ಟಿಗೆ ಕರೆದೊಯ್ದರು. ವಾಪಸು ಬಂದು ಮೆಟ್ಟಿಲೇರಿ ಬಾಗಿಲು ಬಡಿದರೆ, ತೆರೆದವರು ಯಾರೋ ತಮಿಳು ಹೆಂಗಸು! ಬಿಲ್ಡಿಂಗೇ ಬೇರೆ. ನಾನು ಬೆವರಿದೆ. ಕಾಕಾ ಬೆವರಲಿಲ್ಲ. "ಯೇ ಹಮಾರಾ ಬಹೂ ಹೈ, ಪೆಹಚಾನ್ ಕರಾನೇ ಲಾಯಾ" ಎಂದು, ಸೊಸೆಯ ಪರಿಚಯ ಮಾಡಿಸಲೆಂದೇ ಬಂದವರ ಹಾಗೆ ಒಳಗೆ ಹೋಗಿ ಕೂತೇಬಿಟ್ಟರು. ಕಾಫಿ ಬಂತು. ಸಯನ್ನಿನಲ್ಲಿ ನನಗೆ ಮೊದಲ ಗೆಳತಿ ಸಿಕ್ಕಿದ್ದು ಹೀಗೆ!

'ಗೊತ್ತಿಲ್ಲ' ಎಂಬ ಶಬ್ದ ಆ ಬಾಯಿಂದ ಬಂದದ್ದನ್ನು ಕಾಕೂ ಕೂಡ ಕೇಳಿರಲಿಲ್ಲವಂತೆ. ದಾರಿ ಕೇಳಿದವರಿಗೆ ಹೇಳಿ ಸುಮ್ಮನಾಗುವ ಜಾತಿಯೂ ಅಲ್ಲ, ಜೊತೆಗೇ ಹೊರಟುಬಿಡುವರು. ಒಮ್ಮೆ ನಮ್ಮ ಮೂಲೆಯ ಶೆಟ್ಟರು ಕೇಳಿದರು: "ಮಾರಾಯ್ರೆ, ಆ ಅಮ್ಮನಿಗೆ ಸ್ಟೇಷನ್ ತೋರಿಸ್ತೇನೆ ಅಂತ ನೀವು ಹೋದದ್ದಲ್ವಾ? ಈಗ ಅವರೇ ನಿಮ್ಮನ್ನು ಮನೆಗೆ ಮುಟ್ಟಿಸಲಿಕ್ಕೆ ಬಂದದ್ದಾ?"

ಇಂಥವರ ಮಗಳಿಗೆ ಮಲಾಡಿನಿಂದ ಸಂಬಂಧ ಬಂತು. ಕುಲಕರ್ಣಿ ಮನೆತನ, ನಮ್ಮ ಕಡೆಯವರೇ. ಹುಡುಗನ ಅಜ್ಜಿಗೆ ಓಡಾಡಲಾಗದು, ಹುಡುಗಿಯನ್ನೇ ಕರೆತನ್ನಿ ಎಂದರು. ಫೋಟೋ ನೋಡಿದಾಗಿನಿಂದ ಕುಸುಮಾ ಕನ್ನಡಿಯ ಮುಂದೆ ನಿಲ್ಲುವುದು ಜಾಸ್ತಿಯಾಗಿತ್ತು. ಯಜಮಾನರು ಊರಲ್ಲಿರಲಿಲ್ಲ. ಮುಂದಾಳು ಯಾರು? ಕಾಕಾ!

ನಾವು ನಾಲ್ವರೂ ಹತ್ತಿದ ಲೋಕಲ್ ಟ್ರೇನು ಹೊರಟಿತು. "ಅಪ್ಪಾ, ದಾದರ್‌ನಾಗ ಚೇಂಜ್ ಮಾಡಬೇಕಲ್ಲಾ? ಯೇ ಟ್ರೇನ್ ಉಲ್ಟಾ ಹೊಂಟದ" ಎಂದಳು ಕುಸುಮಾ.

"ನನಗ ಮುಂಬಯಿ ಕಲಸ್ತೀಯೇನ? ಸುಮ್ಮನ ಕೂಡು."

ಇಳಿದರೆ ಬೋರ್ಡಿನ ಮೇಲೆ ಮುಲುಂಡ್ ಎಂದಿದೆ! ಕಾಕೂ ತೋರಿಸಿದರು. "ಮಲಾಡೋ ಮುಲುಂಡೋ, ಪೇಂಟರ್ ಬರಿಯೋವಾಗ ಹೆಚ್ಚುಕಡಿಮಿ ಆಗಿರ್ತದ" ಎಂದು ಕಾಕಾ ನಡೆದೇ ನಡೆದರು.

ದೇವರ ಲೀಲೆ ನೋಡಿ! ದೇವಸ್ಥಾನದ ಪಕ್ಕ, ಎರಡನೇ ಮಾಳಿಗೆ, ಬಾಗಿಲ ಮೇಲೆ 'ಕುಲಕರ್ಣಿ'. ಎಲ್ಲ ಮಲಾಡಿನವರು ಹೇಳಿದ ಹಾಗೇ! ಅಜ್ಜಿಯೊಬ್ಬರು "ಯಾ, ಯಾ! ಬಸಾ!" ಎಂದು ಕೈಹಿಡಿದು ಕೂರಿಸಿದರು. ಮುಂಬಯಿ ಕನ್ನಡಿಗರಲ್ಲವೇ, ಮರಾಠಿ ಬಳಸುತ್ತಾರೆ ಎಂದುಕೊಂಡೆವು. ಪೋಹೆ ಬಂತು, ನಮ್ಮ ಒಗ್ಗರಣೆ ಅವಲಕ್ಕಿಯೇ. ಹುಡುಗನೂ ಬಂದ. ಫೋಟೋದಲ್ಲಿದ್ದವನಿಗೆ ಕನ್ನಡಕವಿರಲಿಲ್ಲ, ಇವನಿಗಿತ್ತು. ಕುಸುಮಾ ಬೆರಗಾಗಿ ನನ್ನ ಮುಖ ನೋಡಿದಳು. ನಾನು ಕಾಕೂ ಮುಖ ನೋಡಿದೆ. ಕಾಕೂ ಪೋಹೆ ನೋಡಿದರು.

"ನಾಸಿಕದ ಮಾಮಾ ಹೇಗಿದ್ದಾರೆ?" ಮರಾಠಿಯಲ್ಲಿ ಕೇಳಿದರು ಅಜ್ಜಿ.

ನಾಸಿಕದಲ್ಲಿ ನಮಗೆ ಯಾವ ಮಾಮಾ? ಆದರೆ ಕಾಕಾ ಗೊತ್ತಿಲ್ಲ ಅನ್ನುವುದುಂಟೇ? ತಮಗೆ ಬರುವ ಮರಾಠಿಯಲ್ಲೇ ಅಂದರು: "ಆರಾಮ ಇದ್ದಾರ್ರಿ! ನಿಮ್ಮನ್ನ ಬಾಳ ನೆನಸ್ತಾರ!"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನಾಸಿಕದ ಮಾಮಾನೇ ನಿಂತಿದ್ದ, ಆ ಮನೆಯವರು ನಿಜಕ್ಕೂ ಕಾಯುತ್ತಿದ್ದ ಹುಡುಗಿಯನ್ನು ಕರೆದುಕೊಂಡು!

ಅಲ್ಲಿಂದ ಹೇಗೆ ಇಳಿದೆವೋ ನೆನಪಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಾಕೂ ಬಯ್ಯುತ್ತಲೇ ಇದ್ದರು. ಕುಸುಮಾ ಬಯ್ಯಲಿಲ್ಲ; ಆಚೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಕಾ ಅದನ್ನು ನೋಡಿದರು. ಎದ್ದು, ಟಿಫಿನ್ ಡಬ್ಬಿ ಹಿಡಿದು ನಿಂತಿದ್ದ ಅಪರಿಚಿತನೊಬ್ಬನ ಬಳಿ ಹೋಗಿ, ತಗ್ಗಿದ ದನಿಯಲ್ಲಿ, "ಭಾಯ್, ಮಲಾಡ್ ಕೈಸೇ ಜಾನೇ ಕಾ?" ಎಂದು ದಾರಿ ಕೇಳಿದರು. ಕಾಕೂ ಬಯ್ಯುವುದು ತಟ್ಟನೆ ನಿಂತಿತು.

ದಾದರಿಗೆ ಬಂದು, ಸೇತುವೆ ದಾಟಿ, ಬಾಂದ್ರಾ ಹಾಯ್ದು ಮಲಾಡು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಆ ಮನೆಯವರ ಮುಖ ಗಂಟಾಗಿತ್ತು. ಟ್ರೇನ್ ಲೇಟಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಕಾಕಾ ಹೊಸ್ತಿಲಲ್ಲೇ ಕೈಮುಗಿದರು.

"ನನಗ ದಾರಿ ಗೊತ್ತಿರಲಿಲ್ರಿ. ಮಗಳು ಹೇಳಿದ್ಲು, ನಾ ಕೇಳಲಿಲ್ಲ. ತಪ್ಪು ನಂದು, ಕೂಸಿಂದಲ್ಲ."

ಮೊದಲು ನಕ್ಕವನು ಹುಡುಗ. ಆಮೇಲೆ ಅಜ್ಜಿ: "ಇಷ್ಟು ತಿರುಗಿ ಬಂದೀರಿ, ಹಸಿದಿರಬೇಕು. ಏನರೆ ತಿನ್ನರಿ."

"ಪೋಹೆ ಮುಲುಂಡಿನಾಗ ಆಗೇದ್ರಿ" ಎಂದರು ಕಾಕಾ!

ಮದುವೆ ಆಯಿತು. ಮಾತುಕತೆ, ಜವಳಿ, ಲಗ್ನಪತ್ರಿಕೆ ಅಂತ ಕಾಕಾ ಅದೆಷ್ಟು ಸಲ ಮಲಾಡಿಗೆ ಹೋಗಿಬಂದರೋ! ಕುಸುಮಾ ಗಂಡನ ಮನೆಗೆ ಹೋದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಬಾಗಿಲಲ್ಲಿ ನಿಂತರು. ಕೈಯಲ್ಲಿ ಚಕ್ಕುಲಿಯ ಚೀಲ.

"ಮಲಾಡಿಗೆ ಹೋಗಬೇಕಾಗೇದವ್ವಾ. ದಾರಿ ನೆನಪಾಗವಲ್ದು. ಜೋಡಿ ಬರ್ತೀಯೇನು?"

ಹೊರಟೆ. ದಾದರಿನ ಸೇತುವೆಯ ಮೇಲೆ, ಆ ಜನಜಂಗುಳಿಯಲ್ಲಿ, ಕಾಕಾ ಯಾರನ್ನೂ ಏನನ್ನೂ ಕೇಳದೆ ನನಗಿಂತ ಮುಂದೆ ನಡೆದರು. ಸರಿಯಾದ ಟ್ರೇನು, ಸರಿಯಾದ ಗಲ್ಲಿ, ಸರಿಯಾದ ಬಿಲ್ಡಿಂಗು! ನನಗೆ ತಲೆಬುಡ ತಿಳಿಯಲಿಲ್ಲ. ಮೆಟ್ಟಿಲ ಅರ್ಧದಲ್ಲಿ ಮಾತ್ರ ನಿಂತುಬಿಟ್ಟರು. ಚೀಲವನ್ನು ನನ್ನ ಕೈಗಿಟ್ಟು, "ನೀ ಮುಂದ ನಡಿ. ನನ್ನ ನೋಡಿದ್ರ ಆಕಿ ಅಳ್ತಾಳ" ಎಂದರು.

ಬಾಗಿಲು ತೆರೆದ ಕುಸುಮಾ ನನ್ನ ಹೆಗಲಾಚೆ ಇಣುಕಿ, "ಅಪ್ಪ ಎಲ್ಲೆ?" ಎಂದಳು.

ತಿರುಗಿ ನೋಡಿದೆ. ಕಾಕಾ ಕೆಳಗಿನ ಮಾಳಿಗೆಯಲ್ಲಿ ನಮಗೆ ಬೆನ್ನು ಮಾಡಿ ನಿಂತು, ಯಾರದೋ ಮನೆಯ ಹೆಸರಿನ ಫಲಕವನ್ನು ಬಹಳ ಹೊತ್ತು ಓದುತ್ತಿದ್ದರು. ಕರವಸ್ತ್ರ ಕೈಯಲ್ಲಿತ್ತು.