ಎರಡನೆಯ ಡಿಸ್ಕಿನಲ್ಲಿದ್ದ ಅತ್ತೆ

ಆ ರಜೆಯ ದಿನ ನಮ್ಮ ಬುಕ್ ಬೈಂಡರನಿಗೆ ಮಾಡಲು ಬೇರೆ ಕೆಲಸವಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮನೆಯ ಕಂಪ್ಯೂಟರ್ ಶುರುವಾಗಲು ಅವನು ಹಲ್ಲುಜ್ಜಿ, ಸ್ನಾನ ಮುಗಿಸಿ, ತಲೆ ಬಾಚಿಕೊಂಡು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಹಳೆಯದನ್ನೆಲ್ಲ ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಯೇ ಬಿಡುವುದೆಂದು ಅವನು ಟೊಂಕ ಕಟ್ಟಿದ.

ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ಹೆಂಡತಿ ಚಪ್ಪಲಿ ಮೆಟ್ಟುತ್ತ ಹೇಳಿದಳು: "ಒಳಗೆ ಎರಡು ಡಿಸ್ಕ್ ಇದೆ. ಮೊದಲನೇದನ್ನ ಏನಾದ್ರೂ ಮಾಡ್ಕೊಳ್ಳಿ. ಎರಡನೇದರಲ್ಲಿ ಅಮ್ಮನ ಧ್ವನಿ ಇದೆ, ಅದರ ತಂಟೆಗೆ ಹೋಗ್ಬೇಡಿ."

"ಅಷ್ಟೂ ಗೊತ್ತಾಗಲ್ವೇನೇ ನನಗೆ?"

ಅವಳು ಬಾಗಿಲೆಳೆದುಕೊಂಡು ಹೋದಳು.

ಅಮ್ಮನ ಧ್ವನಿ ಎಂದರೆ ರೆಕಾರ್ಡ್ ಆಗಿದ್ದ ಮೂರು ನಿಮಿಷದ ಒಂದು ಫೋನ್ ಮಾತು. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಅವರದೆಂದು ಉಳಿದಿದ್ದ ಮಾತು ಅದೊಂದೇ. ಬೇಸರವಾದಾಗಲೆಲ್ಲ ಹೆಂಡತಿ ಅದನ್ನು ಹಾಕಿಕೊಂಡು ಕೇಳುತ್ತಿದ್ದಳು. ಕೊನೆಯಲ್ಲಿ ಅಳಿಯನ ವಿಷಯವೂ ಬರುತ್ತಿತ್ತು. ಅಲ್ಲಿಗೆ ಬಂದಾಗ ಬೈಂಡರ ಎದ್ದು ಬಾಲ್ಕನಿಗೆ ಹೋಗುತ್ತಿದ್ದ. ಅಲ್ಲಿಗೂ ಕೇಳಿಸುತ್ತಿತ್ತು.

ಹೊಸ ಸಿಸ್ಟಮನ್ನು ತುಂಬಿಕೊಳ್ಳಲು ಮೊದಲು ಒಂದು ಪೆನ್‌ಡ್ರೈವ್ ಬೇಕಿತ್ತು. ಮನೆಯೆಲ್ಲ ತಡಕಾಡಿದಾಗ ಹೊಲಿಗೆ ಡಬ್ಬಿಯ ತಳದಲ್ಲಿ, ಗುಂಡಿಗಳ ಅಡಿಯಲ್ಲಿ, ಕೆಂಪು ಬಣ್ಣದ್ದೊಂದು ಸಿಕ್ಕಿತು. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಕಂಪ್ಯೂಟರ್ ಕೇಳಿತು. ಗುಂಡಿಗಳ ಜೊತೆ ಬಿದ್ದಿದ್ದರಲ್ಲಿ ಏನು ಮಹಾ ಇರುತ್ತದೆ ಎಂದುಕೊಂಡು ಆಗಬಹುದು ಎಂದ.

ಅಷ್ಟರಲ್ಲಿ ಪೇಪರ್ ಕೇಳಲು ಬಂದ ಮೇಲಿನ ಮನೆಯ ನಿವೃತ್ತ ಸರ್ವೇಯರ್ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಹಿಂದೆಯೇ ಎದುರುಮನೆಯ ಡ್ರಿಲ್ ಮೇಷ್ಟ್ರು ಬಂದರು.

"ಡಿಸ್ಕ್ ಅಂದ್ರೆ ಜಮೀನಿದ್ದ ಹಾಗೆ ಬೈಂಡರೇ," ಎಂದರು ಸರ್ವೇಯರ್. "ಮೊದಲು ಅಳತೆ ಮಾಡಿ ಮೂರು ಪಾಲು ಹಾಕಿ. ಆಮೇಲೆ ಮನೆ ಕಟ್ಟಿ."

"ಪಾಲು ಯಾಕ್ರೀ? ಇವರೇನು ದಾಯಾದಿಗಳಾ?" ಎಂದರು ಮೇಷ್ಟ್ರು. "ಒಂದೇ ಬಯಲು ಬಿಡಿ."

ಇಬ್ಬರೂ ಅರ್ಧ ಗಂಟೆ ಜಟಾಪಟಿ ನಡೆಸಿದರು. ನಡುವೆ ಬೈಂಡರ, ಪ್ರೆಸ್ಸಿಗೆ ಸಿಕ್ಕ ಪುಸ್ತಕದ ಹಾಗೆ ಕೂತಿದ್ದ.

ಕೊನೆಗೆ ಪರದೆಯ ಮೇಲೆ ಡಿಸ್ಕುಗಳ ಪಟ್ಟಿ ಬಂತು. ಎರಡೂ ಒಂದೇ ಅಳತೆಯವು. ಹೆಸರಿಲ್ಲ, ಬರೀ ಅಂಕಿ: 0 ಮತ್ತು 1.

ಬೈಂಡರನ ಕೈ ತಡೆಯಿತು. "ಇದರಲ್ಲಿ ಮೊದಲನೇದು ಯಾವುದು?"

"ಒಂದು ಅಂತ ಬರೆದಿದೆಯಲ್ಲ, ಅದೇ. ಮೂವತ್ತು ವರ್ಷ ಸರ್ವೆ ನಂಬರ್ ನೋಡಿದೀನಿ, ಸೊನ್ನೆ ನಂಬರಿನ ಜಮೀನು ಎಲ್ಲೂ ಇಲ್ಲ."

"ಸೊನ್ನೆಯಿಂದ ಯಾರು ಎಣಿಸ್ತಾರೆ? ನನ್ನ ಮಕ್ಕಳೂ ಒಂದು, ಎರಡು ಅಂತಲೇ ಹೇಳೋದು," ಎಂದರು ಮೇಷ್ಟ್ರು.

ಬೆಳಗಿನಿಂದ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ ಆದ್ದರಿಂದ ಬೈಂಡರನಿಗೆ ನಂಬಿಕೆ ಬಂತು. ಕಾಗದ ಕತ್ತರಿಸುವ ಮುನ್ನ ಎರಡೆರಡು ಸಲ ಅಳೆಯುವ ಮನುಷ್ಯ, ಆವತ್ತು ಹಿಂದುಮುಂದು ನೋಡದೆ 1 ಎಂಬುದನ್ನು ಅಳಿಸಿ, ಮೂರು ಪಾಲು ಮಾಡಿ, ಫಾರ್ಮ್ಯಾಟ್ ಮಾಡಿ, ಹೊಸ ಸಿಸ್ಟಮ್ ಹಾಕಿದ.

ಮಧ್ಯಾಹ್ನ ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ಶುರುವಾಯಿತು. ಉಳಿದ ಡಿಸ್ಕನ್ನು ತೆರೆದು ನೋಡಿದರೆ ಅಲ್ಲಿ ಹಳೆಯ ಸಿಸ್ಟಮ್ ಕೂದಲೂ ಕೊಂಕದೆ ಕೂತಿತ್ತು. ಯಂತ್ರ ಸೊನ್ನೆಯಿಂದ ಎಣಿಸಿತ್ತು. ಅತ್ತೆ ಎಲ್ಲೂ ಇರಲಿಲ್ಲ.

ಸರ್ವೇಯರಿಗೆ ತಟ್ಟನೆ ಮನೆಯ ನಲ್ಲಿ ನಿಲ್ಲಿಸದೆ ಬಂದದ್ದು ನೆನಪಾಯಿತು. ಮೇಷ್ಟ್ರು ಪೇಪರ್ ಎತ್ತಿಕೊಂಡು ಹೊರಟರು.

ಬೈಂಡರ ಸಂಜೆಯವರೆಗೆ ಒಬ್ಬನೇ ಕೂತಿದ್ದ. ಅತ್ತೆ ಎರಡನೆಯ ಸಲ ಸತ್ತಂತಾಗಿತ್ತು, ಈ ಸಲ ತನ್ನ ಕೈಯಿಂದಲೇ. ಬಾಲ್ಕನಿಗೆ ಎದ್ದು ಹೋಗದೆ ಹೆಂಡತಿಯ ಪಕ್ಕದಲ್ಲಿ ಕೂತು ಒಮ್ಮೆಯಾದರೂ ಕೇಳಬೇಕಿತ್ತು ಎಂದುಕೊಂಡ.

ಹೆಂಡತಿ ಬಂದೊಡನೆ ಎಲ್ಲವನ್ನೂ ಒಪ್ಪಿಕೊಂಡ. ಅವಳು ಬ್ಯಾಗನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ಕೈಗುಣ ನನಗೆ ಗೊತ್ತಿಲ್ವಾ? ಹೋದ ವಾರವೇ ಅದನ್ನ ಇನ್ನೊಂದರಲ್ಲಿ ಹಾಕಿಟ್ಟಿದೀನಿ. ನಿಮ್ಮ ಕಣ್ಣಿಗೆ ಬೀಳದಿರಲಿ ಅಂತ ಹೊಲಿಗೆ ಡಬ್ಬೀಲಿ, ಗುಂಡಿಗಳ ಕೆಳಗೆ..."

ಬೈಂಡರನ ಕಣ್ಣು ತಾನಾಗಿಯೇ ಕಂಪ್ಯೂಟರಿನ ಕಡೆ ಹೋಯಿತು. ಅವಳ ಕಣ್ಣೂ ಹೋಯಿತು. ಕೆಂಪು ಪೆನ್‌ಡ್ರೈವ್ ಇನ್ನೂ ಅಲ್ಲೇ ಸಿಕ್ಕಿಸಿಕೊಂಡಿತ್ತು.

ಅವಳು ಅದನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿದಳು. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ಕೂತಳು.

"ಅಮ್ಮ ಕೊನೇಲಿ ಏನಂತಿದ್ದಳು? ನೀವೇ ಹೇಳಿ."

ಅವನಿಗೆ ಅದು ಅಕ್ಷರ ಬಿಡದೆ ಬಾಯಿಪಾಠವಾಗಿತ್ತು. ಕತ್ತು ಬಗ್ಗಿಸಿ, ಗಂಟಲು ಸರಿಮಾಡಿಕೊಂಡು ಹೇಳಿದ: "'ನಿನ್ನ ಗಂಡ ಒಳ್ಳೆಯವನೇ ಕಣೇ. ಆದ್ರೆ ಯಾವ ಕೆಲಸಾನೂ ಅವನೊಬ್ಬನ ಕೈಗೆ ಬಿಟ್ಟು ಹೋಗ್ಬೇಡ.'"

ಅವಳು ಕಣ್ಣು ಮುಚ್ಚಿ ಕೇಳಿದಳು.

"ಅಮ್ಮ ಇಷ್ಟು ಬೇಗಬೇಗ ಹೇಳ್ತಿರಲಿಲ್ಲ," ಎಂದಳು. "ಇನ್ನೊಂದ್ಸಲ ಹೇಳಿ."