ಪ್ರಧಾನಿಯನ್ನು ಕೆಡವಿದ ಪತ್ರಿಕೆ

ಸಂಚಿಕೆಯಲ್ಲಿ ಎರಡು ಪುಟ ಖಾಲಿ ಉಳಿದದ್ದೇ ಮೃತ್ಯುಂಜಯನ ಗ್ರಹಚಾರಕ್ಕೆ ಕಾರಣವಾಯಿತು.

2016ರ ರಾಜ್ಯೋತ್ಸವಕ್ಕೆ ಪರದೇಶದ ಬಡಾವಣೆ ಫ್ಲ್ಯಾಟ್ ಬುಷ್‌ನ ಕನ್ನಡ ಬಳಗ ತಂದ ಪತ್ರಿಕೆಗೆ ಅವನು ಸಂಪಾದಕ. ಬರೆದುಕೊಡುತ್ತೇನೆ ಎಂದವರು ಕೈಕೊಟ್ಟಾಗ, ಜಪಾನಿನ ಹೆಸರಾಂತ ಮಾಸಪತ್ರಿಕೆಯೊಂದರ ಚರಿತ್ರೆಯನ್ನು ತಾನೇ ಬರೆದು ತುಂಬಿಸಿದ. ಲೇಖಕರು ಯಾರ ಮುಲಾಜೂ ಇಲ್ಲದೆ ಬರೆಯಲೆಂದು 1923ರಲ್ಲಿ ಒಬ್ಬ ಕಾದಂಬರಿಕಾರ ಅದನ್ನು ಶುರುಮಾಡಿದ್ದು, ತೀರಿಹೋದ ಇಬ್ಬರು ಗೆಳೆಯರ ಹೆಸರಿನಲ್ಲಿ ಅವನು ಇಟ್ಟ ಬಹುಮಾನಗಳಿಗೆ ಅಲ್ಲಿನ ಬರಹಗಾರರು ಇಂದಿಗೂ ಹಾತೊರೆಯುವುದು, 1974ರಲ್ಲಿ ಪ್ರಧಾನಿಯ ವ್ಯವಹಾರ ಕೆದಕಿದ ಲೇಖನ ಬಂದು ಎರಡೇ ತಿಂಗಳಲ್ಲಿ ಆತ ರಾಜೀನಾಮೆ ಘೋಷಿಸಿದ್ದು, ಎಲ್ಲವೂ ಅದರಲ್ಲಿತ್ತು. ಆದರೂ ಪುಟ ತುಂಬಲಿಲ್ಲವೆಂದು ಒಂದು ಸಾಲು ಸೇರಿಸಿದ: ‘ಇಂಥದ್ದೊಂದು ಪತ್ರಿಕೆ ನಮಗೂ ಬೇಕು.’

ಶನಿವಾರ ಬೆಳಿಗ್ಗೆ ಪತ್ರಿಕೆ ಮನೆಮನೆ ತಲುಪಿತು. ಚಹಾ ಆರುವ ಮೊದಲೇ ಪಕ್ಕದ ಮನೆಯ ಚಂದ್ರವ್ವ ಬೇಲಿಯ ಮೇಲಿಂದ ಇಣುಕಿದಳು.

“ಕಡೀ ಸಾಲು ಓದಿದೆ, ಭಾಳ ಗಟ್ಟಿ ಎದಿ ನಿಮ್ದು. ಬಳಗದ ಅಧ್ಯಕ್ಷರ ಮ್ಯಾಲ ಹಿಂಗ ಬರ್ಯಾಕ ಯಾರಿಗೂ ಧೈರ್ಯ ಇರಲಿಲ್ಲ ಬಿಡ್ರಿ.”

“ಅವರ ಮ್ಯಾಲಲ್ಲ ಚಂದ್ರಕ್ಕ, ಜಪಾನಿನ ಪ್ರಧಾನಿ ಮ್ಯಾಲ.”

“ಹೌದೌದು, ಜಪಾನ,” ಎಂದು ಆಕೆ ಕಣ್ಣು ಮಿಟುಕಿಸಿದಳು.

ಮೃತ್ಯುಂಜಯನ ಎದೆ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯತೊಡಗಿತು. ವೀರಭದ್ರಪ್ಪ ಒಂಬತ್ತು ವರ್ಷಗಳಿಂದ ಬಳಗದ ಅಧ್ಯಕ್ಷರು. ಸಾಲದ್ದಕ್ಕೆ, ಅವನಿದ್ದ ಬಾಡಿಗೆ ಮನೆಯ ಮಾಲೀಕರು.

ಅಷ್ಟರಲ್ಲಿ ಬಳಗದ ಕೇಶವಮೂರ್ತಿಯ ಫೋನು. “ಮೃತ್ಯುಂಜಯ ಅವರೇ, ನಾನು ಪೂರ್ತಿ ನಿಮ್ಮ ಜೊತೆ ಇದೀನಿ. ಆದ್ರೆ ನನ್ನ ಹೆಸರು ಮಾತ್ರ ಎಲ್ಲೂ ಹೇಳ್ಬೇಡಿ.”

ಗಾಬರಿಯಲ್ಲಿ ಮೃತ್ಯುಂಜಯ ಬಳಗದ ವಾಟ್ಸಾಪಿಗೆ ಒಂದು ಸ್ಪಷ್ಟನೆ ಹಾಕಿದ: ‘ಅಧ್ಯಕ್ಷರ ಲೆಕ್ಕಪತ್ರದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.’ ಅಲ್ಲಿಯವರೆಗೆ ಲೆಕ್ಕಪತ್ರದ ಮಾತನ್ನು ಯಾರೂ ಎತ್ತಿರಲಿಲ್ಲ. ಆಮೇಲೆ ಎಲ್ಲರೂ ಎತ್ತಿದರು.

ಹೆಂಡತಿ ಉಷಾ ಅಡುಗೆಮನೆಯ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. “ಮನಿ ಬಿಡು ಅಂದಮ್ಯಾಲ ಗಡಿಬಿಡಿ ಆಗಬಾರದು,” ಎಂದಳು.

ಮಧ್ಯಾಹ್ನ ವೀರಭದ್ರಪ್ಪನವರ ಯೂಟ್, ಹಿಂದೆ ಸಾಮಾನು ಹೇರುವ ಗಾಡಿ, ಬಾಗಿಲ ಮುಂದೆ ನಿಂತಿತು.

“ನಾ ಇಲ್ಲ ಅನ್ನು,” ಎಂದ ಮೃತ್ಯುಂಜಯ.

“ಕಿಟಕ್ಯಾಗ ನಿಮ್ಮ ಮಾರಿ ನೋಡ್ಯಾರ. ಹೋಗಿ ಬಾಗಲಾ ತಗೀರಿ.”

ವೀರಭದ್ರಪ್ಪ ಒಳಬಂದು ಕೂತು, ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡರು. “ಎರಡು ಸಲ ಓದಿದೆ.”

“ಸರ, ದೇವರಾಣಿ, ಅದು ಜಪಾನಿನ...”

“ಆ ಪ್ರಧಾನಿ ಪುಣ್ಯ ಮಾಡಿದ್ದಾ. ಒಂದ ಲೇಖನಕ್ಕ ಬಿಡುಗಡಿ ಆತು. ನನ್ನ ಬಿಡಸ್ರಿ ಅಂತ ಪ್ರತಿ ವರ್ಷ ಕೈಮುಗದೆ, ಒಬ್ಬರೂ ಮುಂದ ಬರಲಿಲ್ಲ.” ಅವರು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡರು. “ಮುಂಜಾನೆನ ರಾಜೀನಾಮೆ ಕೊಟ್ಟೆ. ನನ್ನ ಜಾಗಕ್ಕ ನಿಮ್ಮ ಹೆಸರು ಹೇಳಿದೆ. ಎಲ್ಲಾರೂ ಒಪ್ಪಿದ್ರು, ಕೇಶವಮೂರ್ತಿಯವರಂತೂ ಮೊದಲ.”

ಮೃತ್ಯುಂಜಯ ಬಾಯಿ ತೆರೆಯುವಷ್ಟರಲ್ಲಿ ಅವರು ಯೂಟಿನಿಂದ ಬಳಗದ ಹಂಡೆ, ಸ್ಪೀಕರು, ಬ್ಯಾನರುಗಳನ್ನು ಇಳಿಸಿ ನಡುಮನೆಯ ತುಂಬ ಜೋಡಿಸಿದ್ದರು. ಕಾಲಿಡಲು ಜಾಗವಿರಲಿಲ್ಲ. ಆದರೂ ಮನೆ ಉಳಿಯಿತೆಂದು ಅವನಿಗೆ ಸ್ವಲ್ಪ ಉಸಿರು ಬಂತು.

“ಇನ್ನ ಖಾಲಿ ಕೂತು ಏನು ಮಾಡ್ಲಿ? ಪತ್ರಿಕೆ ನಾ ನೋಡ್ಕೋತೀನಿ,” ಎಂದರು ವೀರಭದ್ರಪ್ಪ, ಕೈ ಒರೆಸಿಕೊಳ್ಳುತ್ತ. “ಮುಂದಿನ ಸಂಚಿಕೆಗೆ ಲೇಖನ ಸುರು ಮಾಡೇನಿ.”

“ಯಾವುದರ ಮ್ಯಾಲ, ಸರ?”

“ಹೊಸಾ ಅಧ್ಯಕ್ಷರ ಮ್ಯಾಲ.”